ಸ್ಲೈಡ್, ಟ್ಯೂಬ್, ಜೆಲ್ ಕಾರ್ಡ್: ರಕ್ತದ ಗುಂಪು ಪತ್ತೆಯ ಪದ್ಧತಿಗಳನ್ನು ಸರಿಯಾಗಿ ಹೋಲಿಸುವ ಸಮಗ್ರ ಮಾರ್ಗದರ್ಶಿ

ಸ್ಲೈಡಿನಲ್ಲಿ ಪಾಸಿಟಿವ್, ಟ್ಯೂಬಿನಲ್ಲಿ ನೆಗೆಟಿವ್, ಜೆಲ್ ಕಾರ್ಡಿನಲ್ಲಿ ಮೇಲೊಂದು ಗೆರೆ, ತಳದಲ್ಲೊಂದು ಚುಕ್ಕೆ. ಯಾವುದನ್ನು ನಂಬುವುದು? ಹೀಗೆ ಕೇಳುವವರ ವರ್ಕ್‌ಶೀಟ್ ತರಿಸಿ ನೋಡಿದರೆ ಬಹುಪಾಲು ಒಂದೇ ಕಥೆ. ಅವರು ಮೂರು ಪದ್ಧತಿಗಳನ್ನು ಹೋಲಿಸಿಯೇ ಇರುವುದಿಲ್ಲ. ಒಂದಕ್ಕೆ ಬೆಳಿಗ್ಗೆ ತೆಗೆದ ರಕ್ತ, ಇನ್ನೊಂದಕ್ಕೆ ಮೂರು ದಿನ ಫ್ರಿಜ್ಜಿನಲ್ಲಿದ್ದ ರಕ್ತ. ಒಂದಕ್ಕೆ ಅಳೆದು ಮಾಡಿದ ಸಸ್ಪೆನ್ಶನ್ (ದ್ರವದಲ್ಲಿ ಕಲಕಿದ ಕೆಂಪು ಕಣ), ಇನ್ನೊಂದಕ್ಕೆ ಬಣ್ಣ ನೋಡಿ ಅಂದಾಜಿನಲ್ಲಿ ಕಲಕಿದ್ದು. ಕೊನೆಗೆ ಪದ್ಧತಿಯ ದೋಷ ಎಂದು ಬರೆದದ್ದು ಸಸ್ಪೆನ್ಶನ್ನಿನ ದೋಷವಾಗಿರುತ್ತದೆ.

ಆದ್ದರಿಂದ ಇಲ್ಲಿ ಹಂತಗಳ ಅನುಕ್ರಮಕ್ಕೇ ಹೆಚ್ಚು ಒತ್ತು. ಓದುಗರು ಲ್ಯಾಬ್ ತಂತ್ರಜ್ಞರು ಅಥವಾ ಆ ಕೋರ್ಸಿನ ವಿದ್ಯಾರ್ಥಿಗಳು ಎಂದುಕೊಂಡಿದ್ದೇನೆ. ಮೊದಲೇ ಒಂದು ಎಚ್ಚರಿಕೆ: ಹೋಲಿಕೆಗೆಂದು ಮಾಡಿದ ಪರೀಕ್ಷೆಯ ಫಲಿತಾಂಶ ರೋಗಿಯ ವರದಿಗೆ ಹೋಗಬಾರದು. ವರದಿಗೆ ನಿಮ್ಮ ಲ್ಯಾಬಿನಲ್ಲಿ ಈಗಾಗಲೇ ಒಪ್ಪಿತವಾದ ಪದ್ಧತಿಯೇ ಆಧಾರ.

## ಹಂತ 1: ಏನನ್ನು ಹೋಲಿಸುತ್ತೀರಿ ಎಂದು ಮೊದಲೇ ಬರೆದಿಡಿ

ಒಂದು ಪದ್ಧತಿಯನ್ನು ಆಧಾರವಾಗಿ ಹಿಡಿಯಬೇಕು. ಸಾಮಾನ್ಯವಾಗಿ ಅದು ಟ್ಯೂಬ್. ಸ್ಲೈಡ್, ಜೆಲ್, ಮೈಕ್ರೋಪ್ಲೇಟ್‌ಗಳನ್ನು ಅದರ ಪಕ್ಕದಲ್ಲಿಟ್ಟು ನೋಡುವುದು. ಟ್ಯೂಬ್ ಎಂದೂ ತಪ್ಪುವುದಿಲ್ಲ ಎಂದಲ್ಲ. ಎರಡರ ನಡುವೆ ಜಗಳ ಬಂದಾಗ ಯಾವುದರಿಂದ ಶುರುಮಾಡಬೇಕು ಎಂಬುದು ಗೊತ್ತಿರಲಿ ಎಂದು.

ಫಾರ್ವರ್ಡ್ ಮತ್ತು ರಿವರ್ಸ್ ಎರಡನ್ನೂ ಬೇರೆಬೇರೆಯಾಗಿ ಹೋಲಿಸಿ. ಫಾರ್ವರ್ಡ್‌ನಲ್ಲಿ ರೋಗಿಯ ಕೆಂಪು ಕಣಗಳಿಗೆ ಆಂಟಿ-ಎ, ಆಂಟಿ-ಬಿ, ಆಂಟಿ-ಡಿ ಎಂಬ ಆಂಟಿಸೀರಾ (ಗೊತ್ತಿರುವ ಆಂಟಿಬಾಡಿ ಇರುವ ದ್ರವ) ಹಾಕುತ್ತೇವೆ. ರಿವರ್ಸ್‌ನಲ್ಲಿ ರೋಗಿಯ ಪ್ಲಾಸ್ಮಾಕ್ಕೆ ಗೊತ್ತಿರುವ ಎ1, ಬಿ ಮತ್ತು ಓ ಕಣಗಳನ್ನು ಹಾಕುತ್ತೇವೆ. ಎರಡರಲ್ಲೂ ಕಣ ಗಂಟುಗಟ್ಟಿದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಸ್ಲೈಡ್ ಪದ್ಧತಿ ಫಾರ್ವರ್ಡ್‌ಗೆ ಮಾತ್ರ. ಪ್ಲಾಸ್ಮಾದಲ್ಲಿರುವ ದುರ್ಬಲ ಆಂಟಿಬಾಡಿಗಳನ್ನು ಹಿಡಿಯುವಷ್ಟು ಸೂಕ್ಷ್ಮತೆ ಅದಕ್ಕಿಲ್ಲ. ಹಾಗಾಗಿ ಸ್ಲೈಡ್ ಫಾರ್ವರ್ಡನ್ನು ಟ್ಯೂಬ್ ಫಾರ್ವರ್ಡ್ ಜೊತೆ ಹೋಲಿಸಿ, ಎರಡೂ ಬದಿ ಸೇರಿದ ಪೂರ್ಣ ಗ್ರೂಪಿಂಗ್ ಜೊತೆ ಅಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಜೆಲ್ ಕಾರ್ಡಿನೊಳಗೆ ಆಂಟಿಸೀರಾ ಮೊದಲೇ ಬೆರೆತಿರುತ್ತದೆ. ಅದರ ಕ್ಲೋನ್ (ಆ ಆಂಟಿಬಾಡಿ ತಯಾರಾದ ಜೀವಕೋಶದ ತಳಿ) ನಿಮ್ಮ ಬಾಟಲಿಯ ಆಂಟಿಸೀರಾದ ಕ್ಲೋನ್ ಆಗಿರಬೇಕೆಂದಿಲ್ಲ. ಆಂಟಿ-ಡಿಯಲ್ಲಿ ಇದು ದೊಡ್ಡ ವಿಷಯ. ಕೆಲವು ಆಂಟಿ-ಡಿ ರೀಜೆಂಟುಗಳು ಡಿ-6 ಎಂಬ ಪಾರ್ಷಿಯಲ್ ಡಿಯನ್ನು (ಕೆಲವು ಭಾಗಗಳಿಲ್ಲದ ಡಿ ಆಂಟಿಜನ್) ಬೇಕೆಂದೇ ಹಿಡಿಯುವುದಿಲ್ಲ (ರೋಗಿಗಳಿಗೆ), ಕೆಲವು ಹಿಡಿಯಲೇಬೇಕು (ದಾನಿಗಳಿಗೆ). ಎರಡು ಪದ್ಧತಿಗಳಲ್ಲಿ ಎರಡು ಬಗೆಯ ಆಂಟಿ-ಡಿ ಬಳಸಿದರೆ ಕಾಣುವ ವ್ಯತ್ಯಾಸ ಜೆಲ್ಲಿನದೂ ಅಲ್ಲ, ಟ್ಯೂಬಿನದೂ ಅಲ್ಲ. ಪ್ರತಿ ರೀಜೆಂಟಿನ ಕ್ಲೋನ್ ಹೆಸರು, ಲಾಟ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ವರ್ಕ್‌ಶೀಟಿನ ತಲೆಯಲ್ಲೇ ಇರಲಿ.

## ಹಂತ 2: ಸಲಕರಣೆಗಳನ್ನು ಹೊಂದಿಸಿ, ಪರೀಕ್ಷಿಸಿ

ಬೇಕಾದವು: ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನಲ್ಲಿ ತೆಗೆದ ರಕ್ತ, 0.9 ಪ್ರತಿಶತ ಸಲೈನ್, ಆಂಟಿಸೀರಾಗಳು, ರಿವರ್ಸ್ ಕಣಗಳು, ಗಾಜಿನ ಟ್ಯೂಬುಗಳು, ಸ್ಲೈಡ್, ಕೋಲು, ಟೈಮರ್, 10ರಿಂದ 1000 ಮೈಕ್ರೋಲೀಟರ್ ಅಳೆಯುವ ಪಿಪೆಟ್‌ಗಳು, ಸಾಮಾನ್ಯ ಸೆಂಟ್ರಿಫ್ಯೂಜ್, ಜೆಲ್ ಕಾರ್ಡಿಗೇ ಮೀಸಲಾದ ಸೆಂಟ್ರಿಫ್ಯೂಜ್ ಮತ್ತು ಇನ್‌ಕ್ಯುಬೇಟರ್, ಕಾರ್ಡ್ ತಯಾರಕರದೇ ಡೈಲ್ಯೂಯೆಂಟ್ (ಕಣ ತೆಳುಮಾಡುವ ದ್ರವ). ಗ್ಲೌಸ್ ಹಾಕದೆ ಏನನ್ನೂ ಮುಟ್ಟಬೇಡಿ.

ಸೆಂಟ್ರಿಫ್ಯೂಜ್ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಟ್ಯೂಬ್ ಪದ್ಧತಿ ಕೆಟ್ಟಿತೆಂದರೆ ಹೆಚ್ಚಾಗಿ ಕೆಡುವುದು ಇಲ್ಲೇ. 1000 ಆರ್‌ಪಿಎಂ, 1 ನಿಮಿಷ ಎಂದು ಕೈಪಿಡಿಯಲ್ಲಿ ಇರುತ್ತದೆ. ಆದರೆ ರೋಟರಿನ ಅಳತೆ ಬದಲಾದರೆ ಅದೇ ಆರ್‌ಪಿಎಂಗೆ ಬೀಳುವ ಬಲವೂ ಬದಲಾಗುತ್ತದೆ. ನಿಮ್ಮ ಯಂತ್ರಕ್ಕೆ ಸರಿಯಾದ ಸಮಯವನ್ನು ನೀವೇ ಕಂಡುಹಿಡಿಯಬೇಕು. 1+ ಬರುವ ದುರ್ಬಲ ಪಾಸಿಟಿವ್ ಒಂದು (ಗಂಟಿನ ಬಲದ ಗ್ರೇಡ್ 1+ರಿಂದ 4+ವರೆಗೆ, ವಿವರ ಹಂತ 7ರಲ್ಲಿ), ಖಚಿತ ನೆಗೆಟಿವ್ ಒಂದು ಇಟ್ಟುಕೊಂಡು ಬೇರೆಬೇರೆ ಅವಧಿಗೆ ತಿರುಗಿಸಿ. ಯಾವ ಕನಿಷ್ಠ ಅವಧಿಯಲ್ಲಿ ದುರ್ಬಲ ಪಾಸಿಟಿವ್ ತನ್ನ ಪೂರ್ಣ ಗ್ರೇಡ್ ತೋರಿಸುತ್ತದೋ, ನೆಗೆಟಿವ್ ಬಟನ್ (ತಳದಲ್ಲಿ ಕೂತ ಕಣಗಳ ಗುಡ್ಡೆ) ಮೆಲ್ಲಗೆ ಅಲುಗಿಸಿದರೆ ಸಲೀಸಾಗಿ ಕರಗುತ್ತದೋ, ಮೇಲಿನ ದ್ರವ ತಿಳಿಯಾಗಿರುತ್ತದೋ ಅದೇ ನಿಮ್ಮ ಸಮಯ. ಹೆಚ್ಚು ತಿರುಗಿಸಿದರೆ ಬಟನ್ ಗಟ್ಟಿಯಾಗಿ ಕೂರುತ್ತದೆ. ಆಗ ಜೋರಾಗಿ ಅಲುಗಿಸಬೇಕಾಗುತ್ತದೆ, ದುರ್ಬಲ ಗಂಟು ಬಿಚ್ಚಿಹೋಗುತ್ತದೆ. ಇಲ್ಲವೇ ಬಿಡದೆ ಉಳಿದ ಚೂರನ್ನೇ ಪಾಸಿಟಿವ್ ಎಂದು ಓದುತ್ತೀರಿ.

ಜೆಲ್ ಕಾರ್ಡುಗಳನ್ನು ತೆರೆಯುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಜೆಲ್ ಒಣಗಿ ಕುಗ್ಗಿದ್ದರೆ, ಬಿರುಕು ಬಿಟ್ಟಿದ್ದರೆ, ಗುಳ್ಳೆ ಇದ್ದರೆ, ಮೇಲಿನ ಫಾಯಿಲಿಗೆ ದ್ರವ ಸಿಡಿದಿದ್ದರೆ ಆ ಕಾರ್ಡ್ ಬೇಡ. ಕಾರ್ಡುಗಳನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿಡಿ, ಮಲಗಿಸಬೇಡಿ.

ಪ್ರತಿದಿನ ಶುರುವಿನಲ್ಲಿ ಕಂಟ್ರೋಲ್ ಹಾಕಿ: ಆಂಟಿ-ಎಗೆ ಎ ಮತ್ತು ಬಿ ಕಣ, ಆಂಟಿ-ಬಿಗೂ ಅವೇ, ಆಂಟಿ-ಡಿಗೆ ಡಿ ಪಾಸಿಟಿವ್ ಮತ್ತು ಡಿ ನೆಗೆಟಿವ್. ಕಂಟ್ರೋಲ್ ತಪ್ಪಿದ ದಿನದ ಫಲಿತಾಂಶಗಳನ್ನು ಹೋಲಿಕೆಯಿಂದ ಪೂರ್ತಿ ಕೈಬಿಡಿ. ಒಂದೆರಡು ಮಾತ್ರ ಬಿಟ್ಟು ಉಳಿದವನ್ನು ಉಳಿಸಿಕೊಳ್ಳುವ ಆಸೆ ಬೇಡ.

## ಹಂತ 3: ಸ್ಯಾಂಪಲ್‌ಗಳ ಆಯ್ಕೆ

ದಿನನಿತ್ಯ ಬರುವ ಸ್ಯಾಂಪಲ್‌ಗಳನ್ನಷ್ಟೇ ಸಾಲಾಗಿ ತೆಗೆದುಕೊಂಡರೆ ಹೋಲಿಕೆ ನೂರಕ್ಕೆ ನೂರು ಹೊಂದುತ್ತದೆ. ಮುಖ್ಯ ಕಾರಣ, ಅವುಗಳಲ್ಲಿ ಬಹುಪಾಲು 4+ ಕೊಡುವ ಆರೋಗ್ಯವಂತ ಕಣಗಳು. ಅಂಥವನ್ನು ಯಾವ ಪದ್ಧತಿಯೂ ತಪ್ಪಿಸುವುದಿಲ್ಲ. ಪದ್ಧತಿಗಳ ನಡುವಿನ ಅಂತರ ಕಾಣುವುದು ದುರ್ಬಲ ಸ್ಯಾಂಪಲ್‌ಗಳಲ್ಲಿ. ಆದ್ದರಿಂದ ಸಾಮಾನ್ಯ ಸ್ಯಾಂಪಲ್‌ಗಳ ಜೊತೆಗೆ ಇವುಗಳನ್ನು ಹುಡುಕಿ ಸೇರಿಸಿ:

- ಎ2 ಮತ್ತು ಎ2ಬಿ (ಎ ಆಂಟಿಜನ್ ದುರ್ಬಲವಾಗಿರುವ ಉಪಗುಂಪುಗಳು)
- ವೀಕ್ ಡಿ (ಡಿ ಆಂಟಿಜನ್ ಕಡಿಮೆ ಇರುವ ಕಣ), ಮತ್ತು ಸಾಕಷ್ಟು ಡಿ ನೆಗೆಟಿವ್
- ನವಜಾತ ಶಿಶು, ಹೊಕ್ಕುಳಬಳ್ಳಿಯ ರಕ್ತ
- ತೀರಾ ವಯಸ್ಸಾದವರು (ರಿವರ್ಸ್ ದುರ್ಬಲವಾಗಿರಬಹುದು)
- ಇತ್ತೀಚೆಗೆ ಬೇರೆ ಗುಂಪಿನ ರಕ್ತ ಪಡೆದವರು
- ಡೈರೆಕ್ಟ್ ಕೂಂಬ್ಸ್ ಪಾಸಿಟಿವ್ ಇರುವವರು (ಕಣಗಳಿಗೆ ಆಗಲೇ ಆಂಟಿಬಾಡಿ ಅಥವಾ ಕಾಂಪ್ಲಿಮೆಂಟ್ ಅಂಟಿರುವವರು)

ಎಷ್ಟು ಸ್ಯಾಂಪಲ್ ಸಾಕು? ಒಂದು ಸರಳ ಲೆಕ್ಕ ನೆನಪಿಡಿ. ಎಷ್ಟೋ ಸ್ಯಾಂಪಲ್ ನೋಡಿದಿರಿ, ಒಂದೂ ವ್ಯತ್ಯಾಸ ಸಿಗಲಿಲ್ಲ ಎಂದಿಟ್ಟುಕೊಳ್ಳಿ. ಆಗ ನಿಜವಾದ ತಪ್ಪಿನ ಪ್ರಮಾಣ 3ನ್ನು ಸ್ಯಾಂಪಲ್ ಸಂಖ್ಯೆಯಿಂದ ಭಾಗಿಸಿದಷ್ಟರವರೆಗೆ ಇರಬಹುದು (95 ಪ್ರತಿಶತ ವಿಶ್ವಾಸದಲ್ಲಿ). 30 ಸ್ಯಾಂಪಲ್ ನೋಡಿ ವ್ಯತ್ಯಾಸವೇ ಇಲ್ಲ ಎಂದರೆ ಇನ್ನೂ 10 ಪ್ರತಿಶತ ತಪ್ಪು ಅಡಗಿರಬಹುದು. 300 ನೋಡಿದರೆ 1 ಪ್ರತಿಶತ. 30 ಸ್ಯಾಂಪಲಿನ ಪ್ರಾಜೆಕ್ಟ್ ವರದಿಗಳಲ್ಲಿ "ಎರಡೂ ಪದ್ಧತಿ ಸಮಾನ" ಎಂಬ ತೀರ್ಮಾನ ಕಂಡಾಗ ನನಗೆ ನಗು ತಡೆಯುವುದು ಕಷ್ಟ.

## ಹಂತ 4: ಗುರುತು ಮುಚ್ಚಿ, ಅನುಕ್ರಮ ಕಲಸಿ

ಪ್ರತಿ ಸ್ಯಾಂಪಲಿಗೆ ಸಂಕೇತ ಸಂಖ್ಯೆ ಕೊಡಿ. ಮೂರೂ ಪದ್ಧತಿಗಳಿಗೆ ಬೇರೆಬೇರೆ ಸಂಖ್ಯೆ ಇದ್ದರೆ ಇನ್ನೂ ಒಳ್ಳೆಯದು. ಸ್ಲೈಡಿನಲ್ಲಿ ಎ ಎಂದು ನೋಡಿದ ಕಣ್ಣು ಟ್ಯೂಬಿನಲ್ಲೂ ಎ ಹುಡುಕುತ್ತದೆ. ಸಾಧ್ಯವಾದರೆ ಹಾಕುವವರು ಒಬ್ಬರು, ಓದುವವರು ಇನ್ನೊಬ್ಬರು. ಎಲ್ಲ ಪದ್ಧತಿಗಳೂ ಒಂದೇ ದಿನ, ಒಂದೇ ಟ್ಯೂಬಿನ ರಕ್ತದಿಂದ ಮುಗಿಯಬೇಕು.

## ಹಂತ 5: ಸಸ್ಪೆನ್ಶನ್, ಅರ್ಧಕ್ಕರ್ಧ ತಪ್ಪುಗಳ ತವರು

ನಾನು ಮೊದಲ ಸಲ ಜೆಲ್ ಮತ್ತು ಟ್ಯೂಬ್ ಹೋಲಿಸಿದಾಗ, ಟ್ಯೂಬಿಗೆಂದು ಮಾಡಿಟ್ಟ 5 ಪ್ರತಿಶತ ಸಸ್ಪೆನ್ಶನ್ನನ್ನೇ 1 ಪ್ರತಿಶತ ಕೇಳುವ ಕಾರ್ಡಿಗೂ ಹಾಕಿದ್ದೆ. ನೆಗೆಟಿವ್ ಬಾವಿಗಳಲ್ಲೆಲ್ಲ (ಕಾರ್ಡಿನ ಪುಟ್ಟ ಕೊಳವೆಗಳು) ಮೇಲೆ ತೆಳುವಾದ ಕೆಂಪು ಪೊರೆ. ಕಾರ್ಡೇ ಕೆಟ್ಟಿದೆ ಎಂದು ಅರ್ಧ ದಿನ ವಾದಿಸಿದ್ದೆ.

ಅಳತೆಗಳು ಹೀಗೆ:

ಸ್ಲೈಡ್: ತೆಳುಮಾಡದ ಪೂರ್ಣ ರಕ್ತ ಅಥವಾ 35ರಿಂದ 50 ಪ್ರತಿಶತದಷ್ಟು ದಟ್ಟ ಸಸ್ಪೆನ್ಶನ್. ಇಲ್ಲಿ ತೆಳು ಸಸ್ಪೆನ್ಶನ್ ಹಾಕಿದರೆ ಗಂಟು ಕಣ್ಣಿಗೆ ಕಾಣುವಷ್ಟು ದೊಡ್ಡದಾಗುವುದೇ ಇಲ್ಲ.

ಟ್ಯೂಬ್: 2ರಿಂದ 5 ಪ್ರತಿಶತ. 5 ಪ್ರತಿಶತಕ್ಕೆ ತೊಳೆದು ಕೂರಿಸಿದ ಕಣ 50 ಮೈಕ್ರೋಲೀಟರ್, ಸಲೈನ್ 950 ಮೈಕ್ರೋಲೀಟರ್.

ಜೆಲ್: ಸಾಮಾನ್ಯವಾಗಿ 0.8ರಿಂದ 1 ಪ್ರತಿಶತ, ಕಾರ್ಡಿನ ಡೈಲ್ಯೂಯೆಂಟಿನಲ್ಲೇ. 10 ಮೈಕ್ರೋಲೀಟರ್ ಕಣಕ್ಕೆ 990 ಹಾಕಿದರೆ 1 ಪ್ರತಿಶತ. ಆಂಟಿಸೀರಾ ಬೆರೆತ ಕೆಲವು ಗ್ರೂಪಿಂಗ್ ಕಾರ್ಡುಗಳು 5 ಪ್ರತಿಶತ ಕೇಳುತ್ತವೆ. ಕಾರ್ಡಿನ ಜೊತೆ ಬಂದ ಕಾಗದ ಏನು ಹೇಳುತ್ತದೋ ಅದೇ ಅಂತಿಮ.

ಕೂರಿಸಿದ ಕಣ ಅಂಟಂಟಾಗಿರುತ್ತದೆ. 10 ಮೈಕ್ರೋಲೀಟರ್ ಎಳೆದಾಗ ಟಿಪ್ಪಿನ ಹೊರಗೂ ಅಷ್ಟೋ ಇಷ್ಟೋ ಮೆತ್ತಿಕೊಂಡು ಬರುತ್ತದೆ. ಹೊರಭಾಗ ಒರೆಸಿ, ಡೈಲ್ಯೂಯೆಂಟಿನಲ್ಲಿ ಟಿಪ್ಪನ್ನು ನಾಲ್ಕೈದು ಸಲ ಮೇಲೆ ಕೆಳಗೆ ಎಳೆದು ಬಿಡಿ. ಬಳಸುವ ಮುನ್ನ ಪ್ರತಿ ಸಲವೂ ಸಸ್ಪೆನ್ಶನ್ ಕಲಕಿ; ಎರಡು ನಿಮಿಷ ಬಿಟ್ಟರೆ ಕಣ ತಳಕ್ಕಿಳಿಯುತ್ತದೆ.

ತೊಳೆಯುವುದು ಎಷ್ಟು ಸಲ? ಸಾಮಾನ್ಯಕ್ಕೆ ಸಲೈನಿನಲ್ಲಿ ಮೂರು ಸಲ. ಹೊಕ್ಕುಳಬಳ್ಳಿಯ ರಕ್ತಕ್ಕೆ ಬಳ್ಳಿಯೊಳಗಿನ ಲೋಳೆಯಾದ ವಾರ್ಟನ್ ಜೆಲ್ಲಿ ಅಂಟಿರುತ್ತದೆ, ಅದಕ್ಕೆ ನಾಲ್ಕರಿಂದ ಆರು ಸಲ ಬೇಕು. ಕೋಲ್ಡ್ ಅಗ್ಲುಟಿನಿನ್ (ತಣ್ಣಗಿದ್ದಾಗ ಕಣಗಳನ್ನು ಗಂಟುಗಟ್ಟಿಸುವ ಆಂಟಿಬಾಡಿ) ಶಂಕೆ ಇದ್ದರೆ 37 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದ ಸಲೈನಿನಲ್ಲಿ ತೊಳೆಯಿರಿ. ಒಂದು ಪದ್ಧತಿಗೆ ತೊಳೆದ ಕಣ, ಇನ್ನೊಂದಕ್ಕೆ ತೊಳೆಯದ ಕಣ ಬಳಸಬೇಕಾಗಿ ಬಂದರೆ ಅದನ್ನು ವರ್ಕ್‌ಶೀಟಿನಲ್ಲಿ ಬರೆಯಿರಿ.

## ಹಂತ 6: ಸ್ಲೈಡ್

ಒಂದು ಹನಿ ಆಂಟಿಸೀರಾ ಮೊದಲು, ಒಂದು ಹನಿ ರಕ್ತ ಆಮೇಲೆ. ಪ್ರತಿ ಜಾಗಕ್ಕೂ ಹೊಸ ಕೋಲು. ಅಗಲವಾಗಿ ಹರಡಿ, ಸ್ಲೈಡನ್ನು ಆಚೀಚೆ ವಾಲಿಸುತ್ತ 2 ನಿಮಿಷದೊಳಗೆ ಓದಿ.

2 ನಿಮಿಷ ದಾಟಿತೆಂದರೆ ಅಂಚು ಒಣಗಿ ಕಣಗಳು ಮರಳಿನಂತೆ ಕೂಡಿಕೊಳ್ಳುತ್ತವೆ, ನೋಡುವವರಿಗೆ ಪಾಸಿಟಿವ್ ಅನಿಸುತ್ತದೆ. ಸ್ಲೈಡಿನ ಸುಳ್ಳು ಪಾಸಿಟಿವ್‌ಗಳಲ್ಲಿ ಈ ಒಣಗಿದ ಅಂಚೇ ಮೊದಲ ಶಂಕಿತ. ದುರ್ಬಲ ಎ ಉಪಗುಂಪುಗಳೂ ವೀಕ್ ಡಿಯೂ ಸ್ಲೈಡಿನಲ್ಲಿ ತಪ್ಪಿಸಿಕೊಳ್ಳುತ್ತವೆ. ಅದು ತುರ್ತಿನ ಮೊದಲ ನೋಟಕ್ಕೆ ಸರಿ, ರಕ್ತ ಕೊಡುವ ನಿರ್ಧಾರಕ್ಕೆ ಅಲ್ಲ.

## ಹಂತ 7: ಟ್ಯೂಬ್

ಟ್ಯೂಬುಗಳಿಗೆಲ್ಲ ಗುರುತು ಬರೆದ ಮೇಲೆಯೇ ಹಾಕಲು ಶುರುಮಾಡಿ. ಫಾರ್ವರ್ಡ್: ಆಂಟಿಸೀರಾ ಒಂದು ಹನಿ, ಸಸ್ಪೆನ್ಶನ್ ಒಂದು ಹನಿ. ರಿವರ್ಸ್: ಪ್ಲಾಸ್ಮಾ ಎರಡು ಹನಿ, ಆಮೇಲೆ ಎ1, ಬಿ, ಓ ಕಣ ತಲಾ ಒಂದು ಹನಿ.

ಕಣ ಯಾವಾಗಲೂ ಕೊನೆಗೆ. ಆಂಟಿ-ಎ ನೀಲಿ, ಆಂಟಿ-ಬಿ ಹಳದಿ. ಕಣ ಬೀಳುವ ಮುನ್ನ ಸಾಲನ್ನೊಮ್ಮೆ ನೋಡಿದರೆ ಬಿಟ್ಟುಹೋದದ್ದು ಗೊತ್ತಾಗುತ್ತದೆ. ಆಂಟಿ-ಡಿಗೆ ಬಣ್ಣವಿಲ್ಲ, ಹಾಗಾಗಿ ಮರೆಯುವುದೂ ಅದನ್ನೇ. ಟ್ಯೂಬಿನ ತಳದಲ್ಲಿ ಹನಿ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ.

ತಿರುಗಿಸಿ ತೆಗೆದ ಕೂಡಲೇ ಅಲುಗಿಸಬೇಡಿ. ಮೊದಲು ಮೇಲಿನ ದ್ರವ ನೋಡಿ. ಅದು ಕೆಂಪಾಗಿದ್ದರೆ ಹಿಮಾಲಿಸಿಸ್ ಆಗಿದೆ, ಅಂದರೆ ಕಣ ಒಡೆದಿದೆ, ರಿವರ್ಸ್‌ನಲ್ಲಿ ಅದನ್ನೂ ಪಾಸಿಟಿವ್ ಎಂದೇ ಎಣಿಸಬೇಕು. (ಇಡಿಟಿಎ ಪ್ಲಾಸ್ಮಾದಲ್ಲಿ ಕ್ಯಾಲ್ಸಿಯಂ ಸಿಗದ ಕಾರಣ ಕಣ ಒಡೆಯುವ ಕಾಂಪ್ಲಿಮೆಂಟ್ ಪ್ರೋಟೀನುಗಳು ಕೆಲಸ ಮಾಡುವುದಿಲ್ಲ, ಇದು ಸೀರಂ ಬಳಸಿದಾಗ ಕಾಣುವ ಮಾತು.) ಆಮೇಲೆ ಟ್ಯೂಬನ್ನು ಓರೆ ಮಾಡಿ ಮೆಲ್ಲಗೆ ಅಲುಗಿಸಿ, ಬಟನ್ ತಳದಿಂದ ಹೇಗೆ ಕಳಚುತ್ತದೆ ಎಂದು ಗಮನಿಸಿ. ಗ್ರೇಡ್ ನಿರ್ಧಾರವಾಗುವುದು ಆ ಎರಡು ಸೆಕೆಂಡಿನಲ್ಲಿ. ಒಂದೇ ಗಟ್ಟಿ ಗಂಟು, ಹಿನ್ನೆಲೆ ತಿಳಿ: 4+. ಕೆಲವು ದೊಡ್ಡ ಚೂರುಗಳು: 3+. ಮಧ್ಯಮ ಚೂರುಗಳು, ಹಿನ್ನೆಲೆ ತಿಳಿ: 2+. ಸಣ್ಣ ಚೂರು, ಹಿನ್ನೆಲೆ ಕೆಂಪಾಗಿ ಮಬ್ಬು: 1+. ಹೊಗೆಯಂತೆ ಸಮನಾಗಿ ಎದ್ದರೆ ನೆಗೆಟಿವ್.

ಓ ಕಣದ ಟ್ಯೂಬನ್ನು ಉಳಿತಾಯದ ಹೆಸರಿನಲ್ಲಿ ಬಿಡುವವರಿದ್ದಾರೆ. ಬಿಡಬೇಡಿ. ಬಾಂಬೆ ಗುಂಪಿನ (ಓ ಕಣದಲ್ಲೂ ಇರುವ ಎಚ್ ಆಂಟಿಜನ್ ಇಲ್ಲದ ಅಪರೂಪದ ಗುಂಪು) ರಕ್ತ ಫಾರ್ವರ್ಡ್‌ನಲ್ಲಿ ಅಚ್ಚುಕಟ್ಟಾಗಿ ಓ ಎಂದೇ ಕಾಣುತ್ತದೆ, ರಿವರ್ಸ್‌ನಲ್ಲಿ ಎ ಮತ್ತು ಬಿ ಕಣಗಳೂ ಓ ಗುಂಪಿನವರಲ್ಲಿ ಆಗುವಂತೆಯೇ ಗಂಟುಗಟ್ಟುತ್ತವೆ. ಗುಟ್ಟು ರಟ್ಟಾಗುವುದು ಓ ಕಣವೂ ಗಂಟುಗಟ್ಟಿದಾಗ ಮಾತ್ರ. ಅಂಥವರಿಗೆ ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಅಪಾಯ.

ದಾನಿಗಳ ಆಂಟಿ-ಡಿ ನೆಗೆಟಿವ್ ಬಂದರೆ ವೀಕ್ ಡಿಗಾಗಿ ಕೂಂಬ್ಸ್ ಹಂತಕ್ಕೆ ಹೋಗಬೇಕು: 37 ಡಿಗ್ರಿಯಲ್ಲಿಟ್ಟು, ಮೂರು ಸಲ ತೊಳೆದು, ಕೂಂಬ್ಸ್ ಸೀರಂ (ಕಣಕ್ಕೆ ಅಂಟಿದ ಆಂಟಿಬಾಡಿಗಳನ್ನು ಬೆಸೆದು ಗಂಟುಗಟ್ಟಿಸುವ ರೀಜೆಂಟ್) ಹಾಕಿ ತಿರುಗಿಸುವುದು. ನೆಗೆಟಿವ್ ಬಂದ ಪ್ರತಿ ಟ್ಯೂಬಿಗೂ ಐಜಿಜಿ (ಒಂದು ಬಗೆಯ ಆಂಟಿಬಾಡಿ) ಲೇಪಿತ ಚೆಕ್ ಕಣ ಹಾಕಿ. ಅದು ಗಂಟುಗಟ್ಟದಿದ್ದರೆ ನಿಮ್ಮ ನೆಗೆಟಿವ್‌ಗೆ ಬೆಲೆಯಿಲ್ಲ, ತೊಳೆಯುವುದು ಸಾಲದೆ ಕೂಂಬ್ಸ್ ಸೀರಂ ವ್ಯರ್ಥವಾಗಿರಬಹುದು. ಡೈರೆಕ್ಟ್ ಕೂಂಬ್ಸ್ ಪಾಸಿಟಿವ್ ಇರುವ ಕಣಗಳಲ್ಲಿ ಈ ವಿಧಾನದ ವೀಕ್ ಡಿ ಫಲಿತಾಂಶ ಲೆಕ್ಕಕ್ಕಿಲ್ಲ.

## ಹಂತ 8: ಜೆಲ್ ಕಾರ್ಡ್

ಫಾಯಿಲ್ ತೆಗೆಯುವಾಗ ನಿಧಾನ, ಒಂದು ಬಾವಿಯದು ಇನ್ನೊಂದಕ್ಕೆ ಸಿಡಿಯಬಾರದು. ರಿವರ್ಸ್‌ಗೆ ನ್ಯೂಟ್ರಲ್ (ಆಂಟಿಸೀರಾ ಬೆರೆಸದ) ಕಾರ್ಡಿನಲ್ಲಿ ಸಾಮಾನ್ಯವಾಗಿ ಕಣ 50 ಮೈಕ್ರೋಲೀಟರ್ ಮೊದಲು, ಪ್ಲಾಸ್ಮಾ 50 ಮೈಕ್ರೋಲೀಟರ್ ಆಮೇಲೆ. ಅಂದರೆ ಟ್ಯೂಬಿಗೆ ತದ್ವಿರುದ್ಧ. ಟ್ಯೂಬಿನಲ್ಲಿ ಕೈಪಳಗಿದವರು ಇಲ್ಲಿ ಎಡವುತ್ತಾರೆ.

ಪಿಪೆಟ್ ಟಿಪ್ ಜೆಲ್ಲಿಗೆ ತಾಗಬಾರದು. ಮೇಲಿನ ಕೋಣೆಗೂ ಜೆಲ್ಲಿಗೂ ನಡುವೆ ಗಾಳಿಯ ತೆರಪು ಉಳಿಯಬೇಕು, ಕಣ ಮತ್ತು ಆಂಟಿಬಾಡಿ ಅಲ್ಲೇ ಮೊದಲು ಕೂಡಬೇಕು. ಕಣ ಮೊದಲೇ ಜೆಲ್ಲಿನೊಳಗೆ ಇಳಿದರೆ ಆ ಬಾವಿ ಹೋಯಿತು. ಕಾರ್ಡಿನ ಸೆಂಟ್ರಿಫ್ಯೂಜ್ ನಿಗದಿತ ವೇಗದಲ್ಲಿ ಸುಮಾರು 10 ನಿಮಿಷ ತಿರುಗುತ್ತದೆ; ನಡುವೆ ನಿಲ್ಲಿಸಬೇಡಿ.

ಓದುವುದು ಸುಲಭ. ಗಂಟುಗಟ್ಟಿದ ಕಣ ಜೆಲ್ಲಿನ ಮಣಿಗಳ ನಡುವೆ ನುಸುಳಲಾರದೆ ಮೇಲೆ ಉಳಿಯುತ್ತದೆ: 4+. ಬಿಡಿ ಕಣ ತಳ ಸೇರುತ್ತದೆ: ನೆಗೆಟಿವ್. ನಡುವೆ ಎಲ್ಲಿ ಸಿಕ್ಕಿಬಿದ್ದಿದೆ ಎಂಬುದರ ಮೇಲೆ ಉಳಿದ ಗ್ರೇಡ್. ಕಾರ್ಡಿನ ಎರಡೂ ಮಗ್ಗುಲಿನಿಂದ ನೋಡಿ. ಗೆರೆ ಓರೆಯಾಗಿದ್ದರೆ ರೋಟರಿನಲ್ಲಿ ಕಾರ್ಡ್ ಸರಿಯಾಗಿ ಕೂತಿಲ್ಲ.

ಮೇಲೂ ಕೆಳಗೂ ಕಣ ಕಂಡರೆ ಅದು ಮಿಕ್ಸೆಡ್ ಫೀಲ್ಡ್: ರಕ್ತ ಪಡೆದವರು, ಮಜ್ಜೆ ಕಸಿಯಾದವರು, ಎ3 ಉಪಗುಂಪಿನವರು. ಟ್ಯೂಬಿನಲ್ಲಿ ಕಣ್ತಪ್ಪುವ ಈ ಚಿತ್ರ ಜೆಲ್ಲಿನಲ್ಲಿ ಸ್ಪಷ್ಟ, ಇದೇ ಜೆಲ್ಲಿನ ದೊಡ್ಡ ಬಲ. ಆದರೆ ಪೂರ್ತಿ ಹೆಪ್ಪುಗಟ್ಟದ ಸೀರಂ ಬಳಸಿದರೆ ಫೈಬ್ರಿನ್ ಎಳೆ ಬಿಡಿ ಕಣಗಳನ್ನು ಮೇಲೆಯೇ ಹಿಡಿದಿಟ್ಟು ಇದೇ ಚಿತ್ರವನ್ನು ಸುಳ್ಳಾಗಿ ಬರೆಯುತ್ತದೆ. ಅನುಮಾನ ಬಂದರೆ ಇಡಿಟಿಎ ಪ್ಲಾಸ್ಮಾದಿಂದ ಮತ್ತೆ ಮಾಡಿ.

ಮೈಕ್ರೋಪ್ಲೇಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 96 ಬಾವಿಗಳ ತಟ್ಟೆ ಮೂಲತಃ 96 ಪುಟ್ಟ ಟ್ಯೂಬುಗಳು, ದಿನಕ್ಕೆ ನೂರಾರು ಸ್ಯಾಂಪಲ್ ಇದ್ದಾಗ ಅರ್ಥಪೂರ್ಣ. ಟ್ಯೂಬಿನ ಎಚ್ಚರಿಕೆಗಳೇ ಇಲ್ಲಿಗೂ.

## ಹಂತ 9: ಹೊಂದದ ಫಲಿತಾಂಶವನ್ನು ಬಿಡಿಸುವ ಅನುಕ್ರಮ

ಎರಡು ಪದ್ಧತಿ ಒಪ್ಪದಿದ್ದರೆ ಹೊಸ ರೀಜೆಂಟ್ ಹುಡುಕುವ ಮುನ್ನ ಹೆಸರಿನ ಚೀಟಿ, ಸಂಕೇತ ಸಂಖ್ಯೆ, ಬರೆದ ಸಾಲು ನೋಡಿ. ಆಮೇಲೆ ಅದೇ ಸ್ಯಾಂಪಲಿನಿಂದ ಹೊಸದಾಗಿ ತೊಳೆದ ಕಣದಲ್ಲಿ ಎರಡೂ ಪದ್ಧತಿ ಮತ್ತೆ ಮಾಡಿ. ಇನ್ನೂ ಒಪ್ಪದಿದ್ದರೆ ಹೊಸ ರಕ್ತ ತರಿಸಿ. ಅದರಲ್ಲೂ ಉಳಿದರೆ ರೋಗಿಯ ವಯಸ್ಸು, ಕಾಯಿಲೆ, ಹಿಂದೆ ರಕ್ತ ಪಡೆದ ವಿವರ ಕೇಳಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ರಿವರ್ಸ್‌ನಲ್ಲಿ ಬರಬೇಕಾದದ್ದು ಬರಲಿಲ್ಲವೇ? ಶಿಶುಗಳಲ್ಲಿ ಮೊದಲ ಮೂರರಿಂದ ಆರು ತಿಂಗಳು ಸ್ವಂತ ಆಂಟಿಬಾಡಿ ಇರುವುದಿಲ್ಲ, ಅವರಿಗೆ ರಿವರ್ಸ್ ಮಾಡುವುದೇ ಬೇಡ. ವಯಸ್ಸಾದವರಲ್ಲಿ 4 ಡಿಗ್ರಿಯಲ್ಲಿ 15ರಿಂದ 30 ನಿಮಿಷ ಇಟ್ಟು ನೋಡಬಹುದು, ಆದರೆ ಓ ಕಣ ಮತ್ತು ರೋಗಿಯದೇ ಕಣದ ಆಟೋ ಕಂಟ್ರೋಲ್ ಜೊತೆಗಿರಬೇಕು. ಇಲ್ಲದಿದ್ದರೆ ಕೋಲ್ಡ್ ಆಂಟಿಬಾಡಿಯನ್ನೇ ಆಂಟಿ-ಎ ಎಂದು ಬರೆದುಬಿಡುತ್ತೀರಿ.

ಬರಬಾರದ್ದು ಬಂತೇ? ಕಣಗಳು ನಾಣ್ಯ ಜೋಡಿಸಿದಂತೆ ಕಂಡರೆ ರೂಲೋ: ಟ್ಯೂಬಿನ ಪ್ಲಾಸ್ಮಾ ತೆಗೆದು ಅಷ್ಟೇ ಸಲೈನ್ ಹಾಕಿದರೆ ಚದುರುತ್ತದೆ, ನಿಜವಾದ ಗಂಟು ಚದುರುವುದಿಲ್ಲ. ಎಬಿ ವ್ಯಕ್ತಿಯ ಪ್ಲಾಸ್ಮಾ ಎ1 ಕಣಕ್ಕೆ ಮಾತ್ರ ಗಂಟುಗಟ್ಟಿಸಿದರೆ ಎ2ಬಿ ಮತ್ತು ಆಂಟಿ-ಎ1 ಎಂದು ಶಂಕಿಸಿ. ಎ1 ಲೆಕ್ಟಿನ್ ಹಾಕಿ ರೋಗಿಯ ಕಣ ನೋಡಿ (ಈ ಲೆಕ್ಟಿನ್ ಹುರುಳಿ ಬೀಜದ ಸಾರ ಎಂದರೆ ಅನೇಕರು ನಂಬುವುದಿಲ್ಲ). ಎ2ಬಿ ಆಗಿದ್ದರೆ ಗಂಟುಗಟ್ಟುವುದಿಲ್ಲ.

ಗುಂಪು ಬಗೆಹರಿಯುವ ಮುನ್ನವೇ ರೋಗಿಗೆ ತುರ್ತಾಗಿ ರಕ್ತ ಬೇಕಾದರೆ ಓ ಗುಂಪಿನ ಕೆಂಪು ಕಣ. ಪ್ಲಾಸ್ಮಾ ಬೇಕಿದ್ದರೆ ಎಬಿ. ಬಾಂಬೆ ಶಂಕೆ ಇದ್ದಲ್ಲಿ ಮಾತ್ರ ಓ ಕೂಡ ಬೇಡ, ವೈದ್ಯಾಧಿಕಾರಿಗೆ ಕೂಡಲೇ ತಿಳಿಸಿ.

## ಹಂತ 10: ಲೆಕ್ಕ ಹಾಕುವುದು

ಶೇಕಡಾ ಹೊಂದಾಣಿಕೆ ಒಂದೇ ಸಾಲದು. 100 ಸ್ಯಾಂಪಲ್‌ಗಳಲ್ಲಿ 95 ಡಿ ಪಾಸಿಟಿವ್ ಇವೆ ಎನ್ನಿ. ಏನು ಹಾಕಿದರೂ ಪಾಸಿಟಿವ್ ಎನ್ನುವ ಕುರುಡು ಪದ್ಧತಿಯೂ 95 ಪ್ರತಿಶತ ಹೊಂದುತ್ತದೆ. ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಅಳೆಯುವ ಕೋಹೆನ್ ಕಪ್ಪಾ ಲೆಕ್ಕ ಹಾಕಿದರೆ ಅದೇ ಪದ್ಧತಿಗೆ ಬರುವ ಅಂಕ ಸೊನ್ನೆ. ಎರಡನ್ನೂ ಕೊಡಿ; ಪಾಸಿಟಿವ್ ಮತ್ತು ನೆಗೆಟಿವ್ ಹೊಂದಾಣಿಕೆಯನ್ನು ಪ್ರತ್ಯೇಕವಾಗಿ ತೋರಿಸಿ.

ಗ್ರೇಡುಗಳನ್ನು ಅಂಕೆಗಳಂತೆ ಕಳೆಯಬೇಡಿ. ಜೆಲ್ಲಿನ 3+ ಮತ್ತು ಟ್ಯೂಬಿನ 2+ ಒಂದೇ ಕಣದ್ದಾಗಿರಬಹುದು. ಒಂದು ಮೆಟ್ಟಿಲ ಅಂತರವನ್ನು ಗುರುತಿಸಿ ಬಿಡಿ. ಪಾಸಿಟಿವ್-ನೆಗೆಟಿವ್ ಅದಲುಬದಲಾದರೆ ಮಾತ್ರ ಅದು ವ್ಯತ್ಯಾಸ.

ಸಮಯವನ್ನೂ ಎರಡಾಗಿ ಅಳೆಯಿರಿ: ಸ್ಯಾಂಪಲ್ ಬಂದದ್ದರಿಂದ ಫಲಿತಾಂಶದವರೆಗೆ ಒಂದು, ಕೈ ನಿಜಕ್ಕೂ ದುಡಿದದ್ದು ಇನ್ನೊಂದು. ಒಂದೇ ಸ್ಯಾಂಪಲಿಗೆ ಟ್ಯೂಬ್ ಬೇಗ ಮುಗಿಯಬಹುದು, ಇಪ್ಪತ್ತು ಒಟ್ಟಿಗೆ ಬಂದರೆ ಯಂತ್ರ ತಿರುಗುವಾಗ ಕೈ ಬಿಡುವಾಗುವ ಜೆಲ್ ಮುಂದೆ ಹೋಗುತ್ತದೆ. ಖರ್ಚಿನ ಲೆಕ್ಕದಲ್ಲಿ ಕಂಟ್ರೋಲ್, ಮರುಪರೀಕ್ಷೆ, ಅರ್ಧ ಬಳಸಿ ಎಸೆದ ಕಾರ್ಡುಗಳೂ ಸೇರಲಿ.

ಹೊಂದದೆ ಉಳಿದ ಪ್ರತಿ ಸ್ಯಾಂಪಲಿಗೂ ವರದಿಯಲ್ಲಿ ಒಂದು ಸಾಲು ಕೊಡಿ: ಯಾವ ಪದ್ಧತಿ ಏನು ತೋರಿಸಿತು, ಮರುಪರೀಕ್ಷೆ ಏನು ಹೇಳಿತು, ಕಾರಣ ಸಿಕ್ಕಿತೇ ಇಲ್ಲವೇ. ಜೆಲ್ ಕಾರ್ಡಿನ ಫೋಟೋ ತೆಗೆದಿಡಿ. ಟ್ಯೂಬಿನದು ಉಳಿಯುವುದಿಲ್ಲ, ಆದ್ದರಿಂದ ಓದಿದ ಆ ಕ್ಷಣದಲ್ಲೇ ಗ್ರೇಡ್ ಬರೆಯಿರಿ. ರೀಜೆಂಟಿನ ಅಥವಾ ಕಾರ್ಡಿನ ಲಾಟ್ ಬದಲಾದಾಗ ಇಡೀ ಹೋಲಿಕೆ ಮತ್ತೆ ಮಾಡಬೇಕಿಲ್ಲ; ದುರ್ಬಲ ಸ್ಯಾಂಪಲ್‌ಗಳದಷ್ಟನ್ನು ಹಳೇ ಲಾಟ್, ಹೊಸ ಲಾಟ್ ಎರಡರಲ್ಲೂ ಪಕ್ಕಪಕ್ಕದಲ್ಲಿ ಹಾಕಿ ನೋಡಿ. ಅದಕ್ಕಾಗಿ ಹಳೇ ಲಾಟಿನ ಒಂದೆರಡು ಕಾರ್ಡನ್ನು ಮೊದಲೇ ಎತ್ತಿಟ್ಟುಕೊಂಡಿರಬೇಕು.